ಅಂಕ ಬಂತು, ಫ್ರೆಂಚ್ ಬಾಯಿಗೆ ಬರಲಿಲ್ಲ

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಓಣಿಯಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾರ ಮಗಳಿಗೆ ಎಷ್ಟು ಬಂತು, ಯಾವ ವಿಷಯದಲ್ಲಿ ನೂರಕ್ಕೆ ನೂರು, ಇದೇ ಮಾತು. ಈಚೆಗೆ ಈ ಮಾತಿನ ನಡುವೆ ಫ್ರೆಂಚ್ ಅನ್ನುವ ಹೆಸರೂ ಕೇಳಿಸುತ್ತದೆ. ಗಂಗಾವತಿ, ಕೊಪ್ಪಳ, ಸಿಂಧನೂರು ಕಡೆಯಿಂದ ಬೆಂಗಳೂರಿಗೆ ಹೋಗಿ ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳಲ್ಲಿ ಕೆಲವರು ಕನ್ನಡ ಬಿಟ್ಟು ಫ್ರೆಂಚ್ ತಗೊಳ್ಳುತ್ತಾರೆ. ಯಾಕೆ ಅಂತ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ, ಅದರಲ್ಲಿ ಅಂಕ ಸಲೀಸು ಅಂತ. ಅಂಕವೇನೋ ಬರುತ್ತದೆ. ಆದರೆ ಅದೇ ಹುಡುಗನನ್ನು ಆನೆಗೊಂದಿಯಲ್ಲಿ ಒಬ್ಬ ಫ್ರೆಂಚ್ ಅಜ್ಜಿಯ ಮುಂದೆ ನಿಲ್ಲಿಸಿ, ಆಕೆ ಬಸ್ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, ಅವನು ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಆಕೆಯ ಮುಖ ನೋಡಿ, ಕೊನೆಗೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ.

ನಾನು ಗಂಗಾವತಿಯವನು. ಆನೆಗೊಂದಿ, ಸಾಣಾಪುರ, ಹೊಳೆಯಾಚೆ ಹಂಪಿ, ಇಷ್ಟು ಸೀಮೆಯಲ್ಲಿ ಗೈಡ್ ಕೆಲಸ ಮಾಡುತ್ತೇನೆ. ನನಗೆ ಬರುವ ಗುಂಪುಗಳಲ್ಲಿ ಫ್ರೆಂಚ್ ಮಾತಾಡುವವರೇ ಜಾಸ್ತಿ. ನನ್ನ ಹತ್ತಿರ ಫ್ರೆಂಚ್ ಡಿಗ್ರಿ ಇಲ್ಲ, ಬರೆಯಲು ಕೂತರೆ ಅಕ್ಷರದ ಮೇಲಿನ ಗೆರೆಗಳು ಎಡಕ್ಕೋ ಬಲಕ್ಕೋ ಅಂತ ಇವತ್ತಿಗೂ ಗೊಂದಲ. ಆದರೆ ದಿನವಿಡೀ ಮಾತಾಡಬಲ್ಲೆ, ನಗಿಸಬಲ್ಲೆ, ಚೌಕಾಸಿ ಮಾಡಬಲ್ಲೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ವಿದೇಶಿ ಭಾಷೆ ಕಲಿಯಿರಿ, ಅವಕಾಶ ಬಹಳ ಇದೆ ಅಂತ ಆಗಾಗ ಬರುತ್ತದೆ. ಒಳ್ಳೆಯದೇ. ಮಾತಾಡುವುದು ಹೇಗೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಪಿಯುಸಿ ಮುಗಿದು ಡಿಗ್ರಿ ಶುರುವಾಗುವ ತನಕ ಸಿಗುವ ಈ ಕೆಲವು ತಿಂಗಳು ಅದಕ್ಕೇ ಹೇಳಿ ಮಾಡಿಸಿದ ಸಮಯ. ಹಾಗಾಗಿ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಒಂದಿಷ್ಟು ಹೇಳಬೇಕು ಅನ್ನಿಸಿತು.

ನಾನು ನೋಡಿದ ಹಾಗೆ ಈ ಮಕ್ಕಳಿಗೆ ಅಡ್ಡ ಬರುವುದು ಫ್ರೆಂಚ್ ಅಲ್ಲವೇ ಅಲ್ಲ, ಅವರ ಇಂಗ್ಲಿಷ್. ಚೆನ್ನಾಗಿ ಬರುವ ಇಂಗ್ಲಿಷ್ ಇದೆಯಲ್ಲ, ಅದೇ ತೊಂದರೆ. ಫ್ರೆಂಚ್‌ನಲ್ಲಿ ಒಂದು ಪದ ಸಿಗದೇ ಹೋದ ಕೂಡಲೇ ಇಂಗ್ಲಿಷ್ ಬಾಗಿಲು ತೆರೆದೇ ಇರುತ್ತದೆ, ಮಕ್ಕಳು ಅದರಲ್ಲಿ ನುಸುಳಿ ಆಚೆ ಹೋಗಿಬಿಡುತ್ತಾರೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಮೊದಲು ಅದೊಂದು ಕೊರತೆ ಅನ್ನಿಸುತ್ತಿತ್ತು, ಆಮೇಲೆ ಅದೇ ಅನುಕೂಲವಾಯಿತು. ಹರಿಗೋಲು ತೋರಿಸುವಾಗ ಅದಕ್ಕೆ ಫ್ರೆಂಚ್‌ನಲ್ಲಿ ಏನಂತಾರೋ ಗೊತ್ತಿರಲಿಲ್ಲ, ಇಂಗ್ಲಿಷ್‌ನಲ್ಲೂ ಗೊತ್ತಿರಲಿಲ್ಲ. 'ಆ್ಯಂ ಬಾತೋ ರೋಂ, ಆಂ ಬಾಂಬೂ' ಅಂದೆ. ಗುಂಡಗಿನ ದೋಣಿ, ಬಿದಿರಿನದು ಅಂತ. ಅವರಿಗೆ ತಿಳಿಯಿತು, ಹತ್ತಿ ಕೂತರು. ಮಾತಾಡುವುದು ಅಂದರೆ ಮುಖ್ಯವಾಗಿ ಇದೇ. ಪದ ಇಲ್ಲದಿದ್ದಾಗ ಸುತ್ತಿ ಬಳಸಿ ದಾಟುವ ಧೈರ್ಯ.

ಇದಲ್ಲದೆ ಇನ್ನೊಂದು ಇದೆ. ನೀವು ತಡವರಿಸಿದ್ದು ಕಂಡರೆ ಪ್ರವಾಸಿಗಳೇ ಪಾಪ ಸಹಾಯ ಮಾಡಲು ಅಂತ ಇಂಗ್ಲಿಷ್‌ಗೆ ಹೊರಳುತ್ತಾರೆ. ಆಗ ನಮ್ಮ ಮಕ್ಕಳಿಗೆ ಖುಷಿಯೋ ಖುಷಿ. ಅಲ್ಲಿಗೆ ಫ್ರೆಂಚ್ ಮುಗಿಯಿತು. ನಾನು ಹಾಗಾದಾಗ ಇಂಗ್ಲಿಷ್ ಕೇಳಿಸದವನ ಹಾಗೆ ಫ್ರೆಂಚ್‌ನಲ್ಲೇ ಮುಂದುವರಿಸುತ್ತೇನೆ. ನಯವಾಗಿ ಹೇಳಬೇಕೆಂದರೆ 'ಜ ವೂದ್ರೆ ಪ್ರಾತಿಕೆ ಮೊಂ ಫ್ರಾಂಸೆ' ಅನ್ನಬಹುದು, ನನಗೆ ಫ್ರೆಂಚ್ ರೂಢಿ ಮಾಡಿಕೊಳ್ಳಬೇಕು ಅಂತ ಅರ್ಥ. ಇಷ್ಟು ಹೇಳಿದ ಮೇಲೆ ಯಾರೂ ಬೇಡ ಅಂದಿದ್ದು ನಾನು ನೋಡಿಲ್ಲ.

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಪಿಯುಸಿ ಓದಿ ರಜೆಗೆ ಬಂದಾಗ ಅವಳ ಕಥೆಯೂ ಇದೇ ಆಗಿತ್ತು. ಅಂಕಪಟ್ಟಿ ನೋಡಿದರೆ ನಾನೇ ಅವಳ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು. ಮಾತಿಗೆ ಕರೆದರೆ, 'ಮಾಮಾ, ಪೇಪರ್‌ನ್ಯಾಗ ಕೇಳಿದ್ದು ಎಲ್ಲಾ ಬರೀತೀನಿ, ಮಾತಾಡಾಕ ಮಾತ್ರ ಬರಂಗಿಲ್ಲ' ಅಂದಳು. ಅವಳ ತಪ್ಪೇನಿಲ್ಲ. ಪಿಯುಸಿಯಲ್ಲಿ ಭಾಷೆಗೆ 80 ಅಂಕ ಬರೆಯುವ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಅವಳ ಕಾಲೇಜಿನಲ್ಲಿ ಆ ಇಪ್ಪತ್ತೂ ಟೆಸ್ಟು, ಅಸೈನ್‌ಮೆಂಟಿನಲ್ಲೇ ಮುಗಿದಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಯಾರೂ ಅವಳ ಎದುರು ಕೂತು ಫ್ರೆಂಚ್‌ನಲ್ಲಿ 'ಏನಮ್ಮಾ, ಊಟ ಆಯ್ತಾ' ಅಂತ ಕೇಳಿರಲಿಲ್ಲ. ಪಾಠ ನಡೆದದ್ದೂ ಇಂಗ್ಲಿಷ್‌ನಲ್ಲೇ. ಇಂಗ್ಲಿಷ್‌ನಲ್ಲಿ ವಾಕ್ಯ ಮಾಡು, ಅದನ್ನು ಫ್ರೆಂಚ್‌ಗೆ ತಿರುಗಿಸು. ಬರೆಯಲು ಸಮಯ ಇರುತ್ತದೆ, ತಿರುಗಿಸಬಹುದು. ಎದುರಿಗೆ ನಿಂತವರು ಅಷ್ಟು ಹೊತ್ತು ಕಾಯುತ್ತಾರಾ?

ಮನೆಯಲ್ಲಿ ಒಂದು ಕಟ್ಟಳೆ ಹಾಕಿದೆ. ಫ್ರೆಂಚ್ ಮಾತಾಡುವ ಹೊತ್ತಿನಲ್ಲಿ ಪದ ಸಿಗದಿದ್ದರೆ ಕನ್ನಡ ಹೇಳಬಹುದು, ಇಂಗ್ಲಿಷ್ ಮಾತ್ರ ಕೂಡದು. ಅವಳಿಗೆ ಇದು ವಿಚಿತ್ರ ಅನ್ನಿಸಿತು. ಸಂಪಾದಕರೇ, ನಿಮ್ಮ ಓದುಗರಿಗೂ ಅನ್ನಿಸಬಹುದು, ಫ್ರೆಂಚ್‌ಗೆ ಇಂಗ್ಲಿಷ್ ಹತ್ತಿರ, ಲಿಪಿ ಒಂದೇ, ಸಾವಿರಾರು ಪದ ಒಂದೇ, ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಅಂತ. ಕಾಗದದ ಮೇಲೆ ಹೌದು, ಇಂಗ್ಲಿಷ್ ಹತ್ತಿರ. ಬಾಯಿಯ ವಿಷಯಕ್ಕೆ ಬಂದರೆ ಕನ್ನಡ ಬಲ್ಲವನಿಗೆ ಸಿಗುವ ಅನುಕೂಲ ಬೇರೆ.

ತ, ದ ತಗೊಳ್ಳಿ. ಇಂಗ್ಲಿಷ್ ಪಾಠದಲ್ಲಿ ನಮ್ಮ ಮಕ್ಕಳು ಟೇಬಲ್, ಟೀಚರ್, ಡಾಕ್ಟರ್ ಅಂತ ನಾಲಿಗೆ ಮೇಲೆ ಮಡಚಿ ಟ, ಡ ಹೇಳಿ ರೂಢಿ. ಫ್ರೆಂಚ್‌ನಲ್ಲಿ ಆ ಟ ಇಲ್ಲ. ಅಲ್ಲಿ ಇರುವುದು ನಮ್ಮ ತಂದೆ, ದನ ಅನ್ನುವಾಗಿನ ತ, ದ, ನಾಲಿಗೆ ಹಲ್ಲಿಗೆ ತಾಗುವಂಥದ್ದು. ಟೇಬಲ್ ಅಲ್ಲ, ತಾಬ್ಲ್. ಹಾಗೆಯೇ ಪ, ತ, ಕ ಹೇಳುವಾಗ ಇಂಗ್ಲಿಷಿನವರ ಹಾಗೆ ಉಸಿರು ಹೊರಗೆ ನೂಕುವುದಿಲ್ಲ. ನಮ್ಮ ಅಲ್ಪಪ್ರಾಣ ಇದ್ದ ಹಾಗೇ ಸಾಕು. ಇನ್ನು ಇಂಗ್ಲಿಷ್‌ನಲ್ಲಿ ಒಂದು ಪದದ ಯಾವುದೋ ಒಂದು ಭಾಗಕ್ಕೆ ಒತ್ತು ಕೊಟ್ಟು ಉಳಿದದ್ದನ್ನು ನುಂಗುತ್ತಾರೆ. ಫ್ರೆಂಚ್‌ನಲ್ಲಿ ಒಂದೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ, ಮಾತಿನ ಕೊನೆಯಲ್ಲಿ ಮಾತ್ರ ಸ್ವಲ್ಪ ಎಳೆತ. ಯೂನಿವರ್ಸಿಟಿ ಅನ್ನುವುದು ಅಲ್ಲಿ ಯು-ನಿ-ವೆರ್-ಸಿ-ತೆ. ಮಗ್ಗಿ ಒಪ್ಪಿಸುವ ಹಾಗೆ ಸಮವಾಗಿ ಹೇಳಿ, ಅರ್ಧ ದಾರಿ ಹೋದ ಹಾಗೆ.

ಹ ಅಂತೂ ಇಲ್ಲವೇ ಇಲ್ಲ. ಹೋಟೆಲ್ ಅಲ್ಲಿ ಒತೆಲ್. ನಮ್ಮ ಹಂಪಿಗೆ ಫ್ರೆಂಚರು ಆಂಪಿ ಅಂತಾರೆ. ಇದೇ ಮಕ್ಕಳು ಹಾಲಿಗೆ ಆಲು ಅನ್ನುವವರನ್ನು ನೋಡಿ ನಗುತ್ತಾರೆ, ಇರಲಿ.

ಗಂಟಲಿನ ರ ಇದೆಯಲ್ಲ, ಅದಕ್ಕೆ ಹೆದರಿ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಬೆಂಗಳೂರು, ಮೈಸೂರಿನವರಿಗಿಂತ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಇದು ಸಲೀಸು ಅಂತ ನನ್ನ ಅನಿಸಿಕೆ. ಉರ್ದು ಚೆನ್ನಾಗಿ ಮಾತಾಡುವ ಹಿರಿಯರು ಗಜಲ್, ಗರೀಬ್ ಅನ್ನುವಾಗಿನ ಆ ಗ ಕೇಳಿದ್ದೀರಲ್ಲ, ಗಂಟಲ ಹತ್ತಿರ ತಿಕ್ಕಿಕೊಂಡು ಬರುವ ಸದ್ದು? ಫ್ರೆಂಚ್ ರ ಬಹುತೇಕ ಅದೇ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಿವಿಗೆ ಬೀಳುವ ಸದ್ದನ್ನು ಪ್ಯಾರಿಸಿನಿಂದ ತರಿಸಿಕೊಳ್ಳಬೇಕಾಗಿಲ್ಲ.

ಕನ್ನಡ ಕೈ ಬಿಡುವ ಕಡೆಯೂ ಇದೆ. ಮೂಗಿನಲ್ಲಿ ಹೇಳುವ ಸ್ವರಗಳು. ನಾವು ಅನುಸ್ವಾರ ಬಂದರೆ ಕೊನೆಗೆ ತುಟಿ ಮುಚ್ಚುತ್ತೇವೆ ಅಥವಾ ನಾಲಿಗೆ ತಾಗಿಸುತ್ತೇವೆ. ಅಲ್ಲಿ ಎರಡೂ ಇಲ್ಲ. 'ಬೊಂ' ಅಂದ ಮೇಲೂ ಬಾಯಿ ತೆರೆದೇ ಇರಬೇಕು, ಸದ್ದು ಮೂಗಿನಲ್ಲಿ ಹೋಗಬೇಕು. ಕನ್ನಡಿ ಮುಂದೆ ನಿಂತು ತುಟಿ ನೋಡಿಕೊಂಡು ಮಾಡಿದರೆ ಬೇಗ ಬರುತ್ತದೆ. ವ್ಯಾಂ ಅಂದರೆ ವೈನು, ವಾಂ ಅಂದರೆ ಗಾಳಿ, ವೊಂ ಅಂದರೆ ಅವರು ಹೋಗುತ್ತಾರೆ. ಮೂರೂ ಬೇರೆ ಬೇರೆ ಕೇಳಿಸಬೇಕು. ಇನ್ನೊಂದು, ಬಾಯಲ್ಲಿ ಈ ಅನ್ನುತ್ತಾ ತುಟಿಯನ್ನು ಊ ಅನ್ನುವ ಹಾಗೆ ಗುಂಡಗೆ ಮಾಡಬೇಕಾದ ಸ್ವರ. ನಾನು ಇಲ್ಲಿ ಯು ಅಂತ ಬರೆಯುತ್ತಿರುವುದು ಸುಮ್ನೆ ಒಂದು ಗುರುತಿಗೆ, ಆ ಸದ್ದಿಗೆ ನಮ್ಮಲ್ಲಿ ಅಕ್ಷರ ಇಲ್ಲ. ದೆಸ್ಯು ಅಂದರೆ ಮೇಲೆ, ದೆಸೂ ಅಂದರೆ ಕೆಳಗೆ. ಬಂಡೆಗಳ ನಡುವೆ ಪ್ರವಾಸಿಗಳನ್ನು ಕರೆದುಕೊಂಡು ಓಡಾಡುವವನಿಗೆ ಮೇಲೆ ಕೆಳಗೆ ಎರಡೂ ಒಂದೇ ಥರ ಕೇಳಿಸಿದರೆ ಏನಾಗುತ್ತದೆ ನೀವೇ ಊಹಿಸಿ.

ಪದ ಪದ ಕೂಡಿಸುವುದು ಹೈಸ್ಕೂಲಿನಲ್ಲಿ ಸಂಧಿ ಓದಿದವರಿಗೆ ಹೊಸದಲ್ಲ. ಲೆ, ಆಮಿ ಎರಡು ಸೇರಿದರೆ ಲೆ ಆಮಿ ಅಲ್ಲ, ಲೆಜಾಮಿ, ಗೆಳೆಯರು ಅಂತ ಅರ್ಥ. ಬರವಣಿಗೆಯಲ್ಲಿ ಇದ್ದು ಬಾಯಲ್ಲಿ ಇಲ್ಲದ ಅಕ್ಷರ, ಮುಂದೆ ಸ್ವರ ಬಂದಾಗ ಎದ್ದು ನಿಲ್ಲುತ್ತದೆ. ಮಕ್ಕಳು ಪುಸ್ತಕ ನೋಡಿ ಒಂದೊಂದೇ ಪದ ಕಡಿದು ಕಡಿದು ಓದುವುದರಿಂದ ಫ್ರೆಂಚರ ಮಾತು ಕೇಳಿದಾಗ ಎಲ್ಲಿ ಪದ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಎಲ್ಲ ಗೊತ್ತಿರುವ ಪದಗಳೇ, ಆದರೂ ಅರ್ಥವಾಗಲಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಅರ್ಧ ಕಾರಣ ಇದೇ.

ವಾಕ್ಯದ ವಿಷಯದಲ್ಲೂ ಅಷ್ಟೇ. ಇಂಗ್ಲಿಷ್‌ನಿಂದ ತಿರುಗಿಸುವ ಹುಡುಗ ನಾನು ಹದಿನೆಂಟು ಆಗಿದ್ದೇನೆ, ನಾನು ಹಸಿದವನು ಆಗಿದ್ದೇನೆ ಅನ್ನುವ ಧಾಟಿಯಲ್ಲಿ 'ಜ ಸ್ವಿ' ಅಂತ ಶುರು ಮಾಡಿ ಎಡವುತ್ತಾನೆ. ಫ್ರೆಂಚ್‌ನಲ್ಲಿ ವಯಸ್ಸು, ಹಸಿವು, ಬಾಯಾರಿಕೆ, ಭಯ, ಚಳಿ ಎಲ್ಲವೂ ಒಬ್ಬನ ಹತ್ತಿರ ಇರುವಂಥದ್ದು, 'ಜೆ ಫ್ಯಾಂ' ಅಂದರೆ ನನಗೆ ಹಸಿವು ಇದೆ. ಕನ್ನಡದ ನನಗೆ ಹಸಿವು, ನನಗೆ ಭಯ, ನನಗೆ ಹದಿನೆಂಟು ಅದಕ್ಕೆ ಎಷ್ಟೋ ಹತ್ತಿರ. 'ಇಲ್ ಮ ಫೋ ದ್ಯು ತಾಂ' ಅಂದರೆ ನನಗೆ ಸಮಯ ಬೇಕು. 'ಸಾ ಮ ಪ್ಲೆ' ಅಂದರೆ ಅದು ನನಗೆ ಇಷ್ಟ. ಕನ್ನಡದಲ್ಲಿ ಯೋಚನೆ ಮಾಡಿದರೆ ಇವು ತಾನಾಗಿ ಕೂರುತ್ತವೆ. ನೀನು, ನೀವು ಎರಡೂ ಅಲ್ಲಿ ಇವೆ, ಹೊಸಬರಿಗೆ ನೀವು ಅನ್ನಬೇಕು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡುವ ಅಗತ್ಯವೇ ಇಲ್ಲ. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ನೆರವಿಗೆ ಬರುವುದಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಅಂದರೆ ನಾವೇನು ಮಾಡೋಣ? ಪದದ ಜೊತೆಗೇ ಗಂಡಾದರೆ ಲ, ಹೆಣ್ಣಾದರೆ ಲಾ ಸೇರಿಸಿ ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ಮಾತಾಡುವಾಗ ತಪ್ಪಿದರೆ ತಪ್ಪಲಿ, ಅರ್ಥವಾಗುತ್ತದೆ, ಅದಕ್ಕಾಗಿ ಮಾತು ನಿಲ್ಲಿಸಬೇಡಿ.

ಇಂಗ್ಲಿಷ್ ಥರವೇ ಇರುವ ಪದಗಳ ಬಗ್ಗೆ ಹುಷಾರು. ಲಿಬ್ರೆರಿ ಅಂದರೆ ಪುಸ್ತಕದ ಅಂಗಡಿ, ಗ್ರಂಥಾಲಯಕ್ಕೆ ಬಿಬ್ಲಿಯೊತೆಕ್. ಆಕ್ತ್ಯುಎಲ್‌ಮಾಂ ಅಂದರೆ ಈಗ. ಉಪ್ಪಿನಕಾಯಿಗೆ ಪ್ರಿಸರ್ವೇಟಿವ್ ಹಾಕಿಲ್ಲ ಅಂತ ಹೇಳಲು ಹೋಗಿ ಪ್ರೆಜೆರ್ವಾತಿಫ್ ಅಂದರೆ ಎದುರಿನವರು ಬಿದ್ದು ಬಿದ್ದು ನಗುತ್ತಾರೆ. ಆ ಪದಕ್ಕೆ ಅಲ್ಲಿ ಕಾಂಡೋಮ್ ಅಂತ ಅರ್ಥ.

ಪುಸ್ತಕದ ಫ್ರೆಂಚ್, ಬಾಯಿಯ ಫ್ರೆಂಚ್ ಬೇರೆ ಅಂತಲೂ ಯಾರಾದರೂ ಮೊದಲೇ ಹೇಳಿಬಿಡಬೇಕು. ನಾವು ಹೋಗುತ್ತೇವೆ ಅನ್ನಲು ಪುಸ್ತಕ 'ನೂಜಾಲೋಂ' ಕಲಿಸುತ್ತದೆ. ಜನ 'ಓಂ ವಾ' ಅಂತಾರೆ. ನನಗೆ ಗೊತ್ತಿಲ್ಲ ಅನ್ನಲು 'ಜ ನ ಸೆ ಪಾ' ಅಂತ ಬರೆದರೆ ಪೂರ್ತಿ ಅಂಕ, ಜನ ಅದರಲ್ಲಿ ನ ನುಂಗಿ, ಜ ಸವೆಸಿ 'ಶೆ ಪಾ' ಅಂದುಬಿಡುತ್ತಾರೆ. ಪ್ರಶ್ನೆ ಕೇಳಲು ಕ್ರಿಯಾಪದ ಹಿಂದುಮುಂದು ಮಾಡುವ ಕಷ್ಟವೂ ಬೇಕಿಲ್ಲ, ನಮ್ಮ ಹಾಗೆಯೇ ಕೊನೆಯಲ್ಲಿ ದನಿ ಏರಿಸಿದರೆ ಸಾಕು. ನಾವು ಮಾತಿನ ನಡುವೆ 'ಅದೇನಪಾ ಅಂದ್ರ', 'ಮತ್ತ' ಅಂತ ಹೊತ್ತು ಕಳೆಯುವುದಿಲ್ಲವೇ, ಅವರಿಗೂ ಅಂಥವು ಇವೆ. ಆಲೋರ್, ಆಂ ಫೆತ್, ದ್ಯು ಕೂ. ಈಗಿನ ಹುಡುಗರು ದ್ಯು ಕೂ ಇಲ್ಲದೆ ಎರಡು ವಾಕ್ಯ ಆಡುವುದಿಲ್ಲ. ಇವನ್ನು ಕಲಿತರೆ ಯೋಚಿಸಲು ಒಂದು ಕ್ಷಣ ಸಿಗುತ್ತದೆ, ಮಾತು ಕಡಿಯುವುದಿಲ್ಲ.

ಸಂಖ್ಯೆಗಳ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವೇ. ಎಪ್ಪತ್ತಕ್ಕೆ ಅರವತ್ತು-ಹತ್ತು, ಎಂಬತ್ತಕ್ಕೆ ನಾಲ್ಕು ಇಪ್ಪತ್ತು, ತೊಂಬತ್ತೇಳಕ್ಕೆ ನಾಲ್ಕು ಇಪ್ಪತ್ತು-ಹದಿನೇಳು. ಬರೆಯುವಾಗ 97 ಅಂತ ಎರಡು ಅಂಕಿ ಬರೆದರೆ ಮುಗಿಯಿತು, ಬಾಯಲ್ಲಿ ಕಾತ್ರ್ ವ್ಯಾಂ ದಿಸ್ಸೆತ್. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೊನಾಂತ್ ಅಂತ ನೇರವಾಗಿ ಹೇಳುತ್ತಾರೆ, ಅವರ ಗುಂಪು ಬಂದರೆ ನನಗೆ ಹಬ್ಬ. ಫ್ರಾನ್ಸ್‌ನವರು ಫೋನ್ ನಂಬರನ್ನೂ ಎರಡೆರಡು ಅಂಕಿ ಜೋಡಿಸಿಯೇ ಹೇಳುತ್ತಾರೆ, ಬರೆದುಕೊಳ್ಳಲು ಹೋದರೆ ಪೆನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ. ಅಕ್ಕನ ಮಗಳಿಗೆ ನಾನು ನಮ್ಮ ಊರಿನ ಲೆಕ್ಕವನ್ನೇ ಕೊಟ್ಟೆ. ವಿಜಯನಗರ ಶುರುವಾದದ್ದು 1336, ಕೃಷ್ಣದೇವರಾಯ ಆಳಿದ್ದು 1509ರಿಂದ 1529, ರಕ್ಕಸತಂಗಡಿ ಯುದ್ಧ 1565, ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986, ಅಂಜನಾದ್ರಿಗೆ ಎಲ್ಲರೂ ಹೇಳುವ ಲೆಕ್ಕದಲ್ಲಿ 575 ಮೆಟ್ಟಿಲು. ಇವಷ್ಟನ್ನೂ ನಿಲ್ಲದೆ ಹೇಳಿಬಿಟ್ಟರೆ ಮತ್ತೆ ಯಾವ ಸಂಖ್ಯೆಯೂ ಹೆದರಿಸುವುದಿಲ್ಲ. ಆನೆಗೊಂದಿಯ ಕಥೆ ಹೇಳಲು ಬರುವ ಹುಡುಗಿಗೆ ಪ್ಯಾರಿಸಿನ ಕಬ್ಬಿಣದ ಗೋಪುರದ ಬಗ್ಗೆ ಬಾಯಿಪಾಠ ಮಾಡಿದ ಪ್ರಬಂಧ ಯಾಕೆ ಬೇಕು? ಫ್ರೆಂಚರಿಗೆ ಅದು ಗೊತ್ತೇ ಇದೆ. ಅವರು ಕೇಳುವುದು ನಿಮ್ಮ ಊರು, ನಿಮ್ಮ ಮನೆ, ನೀವು ಏನು ತಿನ್ನುತ್ತೀರಿ, ಈ ಭತ್ತ ಯಾವಾಗ ಕೊಯ್ಯುತ್ತೀರಿ ಅಂತ.

ಕೇಳಿಸಿಕೊಳ್ಳಲು ಈಗ ದುಡ್ಡು ಬೇಕಾಗಿಲ್ಲ. ಆರ್‌ಎಫ್‌ಐ ಅಂತ ಫ್ರಾನ್ಸ್‌ನ ರೇಡಿಯೊ ಇದೆ, ಅದರಲ್ಲಿ ಕಲಿಯುವವರಿಗೆಂದೇ ಸರಳ ಫ್ರೆಂಚ್‌ನಲ್ಲಿ ಹತ್ತು ನಿಮಿಷದ ವಾರ್ತೆ ಬರುತ್ತದೆ. ಓದಿದ್ದರ ಅಕ್ಷರ ರೂಪವೂ ಸಿಗುತ್ತದೆ. ಟಿವಿ5 ಮೊಂದ್ ಅನ್ನುವ ಚಾನೆಲಿನ ಕಲಿಕೆ ವಿಭಾಗದಲ್ಲಿ ಮೊದಲ ಹಂತದಿಂದ ಬಿ2 ಅನ್ನುವ ನಾಲ್ಕನೇ ಹಂತದ ತನಕ ವಿಡಿಯೊ, ಅಭ್ಯಾಸ ಎಲ್ಲವೂ ಪುಕ್ಕಟೆ. ಮೊದಲು ಅಕ್ಷರ ನೋಡದೆ ಕೇಳಿ, ಆಮೇಲೆ ನೋಡಿಕೊಂಡು ಕೇಳಿ, ಆಮೇಲೆ ಅವರ ಬೆನ್ನಿಗೇ ಅದೇ ವೇಗದಲ್ಲಿ ನೀವೂ ಹೇಳಿ. ಸದ್ದಿಲ್ಲದೆ ತುಟಿ ಆಡಿಸುವುದು ಲೆಕ್ಕಕ್ಕಿಲ್ಲ, ಗಟ್ಟಿಯಾಗಿ ಹೇಳಬೇಕು. ಮನೆಯವರು ನಗುತ್ತಾರೆ, ನಗಲಿ. ಬೇಸಿಗೆಯಲ್ಲಿ ನಮ್ಮ ಕಡೆ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ, ಆ ಹೊತ್ತನ್ನು ಇದಕ್ಕೆ ಇಡಿ. ಫೋನಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿದರೆ ನಿಮ್ಮ ಟ ನಿಮಗೇ ಕೇಳಿಸುತ್ತದೆ. ಆ್ಯಪುಗಳು ಪದ ಕಲಿಯಲು ಪರವಾಗಿಲ್ಲ. ಆದರೆ ಬೆರಳಿನಿಂದ ಒತ್ತಿ ಒತ್ತಿ ಯಾರಿಗೂ ಮಾತು ಬಂದಿಲ್ಲ.

ಹೊರಗೆ ಓದಲು ಹೋಗುವ ಆಸೆ ಇದ್ದರೆ ಒಂದು ಲೆಕ್ಕ ತಿಳಿದಿರಲಿ. ಯುರೋಪಿನವರು ಭಾಷೆಯನ್ನು ಎ1ರಿಂದ ಸಿ2 ತನಕ ಆರು ಹಂತ ಮಾಡಿದ್ದಾರೆ. ಫ್ರಾನ್ಸ್‌ನಲ್ಲಿ ಫ್ರೆಂಚ್ ಮಾಧ್ಯಮದ ಡಿಗ್ರಿಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಇದಕ್ಕೆ ಡೆಲ್ಫ್ ಅಂತ ಪರೀಕ್ಷೆ ಇದೆ, ಒಮ್ಮೆ ಪಾಸಾದರೆ ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಬಿ2 ಹಂತದ ಮಾತಿನ ಪರೀಕ್ಷೆಯಲ್ಲಿ ಒಂದು ಸಣ್ಣ ಬರಹ ಕೊಟ್ಟು, 30 ನಿಮಿಷ ತಯಾರಿಗೆ ಬಿಟ್ಟು, ನಿಮ್ಮ ಅಭಿಪ್ರಾಯ ಹೇಳಿಸಿ, ಆಮೇಲೆ ಅದರ ಮೇಲೆ ವಾದಕ್ಕೆ ಇಳಿಯುತ್ತಾರೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. 2024ರ ಗಣರಾಜ್ಯೋತ್ಸವಕ್ಕೆ ಬಂದಿದ್ದ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ 2030ರ ಹೊತ್ತಿಗೆ ಭಾರತದ 30,000 ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಗುರಿ ಹೇಳಿದ್ದರು. ಇಂಗ್ಲಿಷ್‌ನಲ್ಲೇ ಪಾಠ ಮಾಡುವ ಕೋರ್ಸುಗಳೂ ಅಲ್ಲಿ ಇವೆ, ನಿಜ. ತರಗತಿಯ ಹೊರಗೆ ಬ್ಯಾಂಕು, ಅಂಗಡಿ, ಬಾಡಿಗೆ ಮನೆ ಎಲ್ಲ ಇರುತ್ತದೆ, ಅಲ್ಲಿ ಏನು ಮಾಡುತ್ತೀರಿ? ಇನ್ನೂ ಒಂದು ಮಾತು, ಅಲ್ಲಿ ಯಾರನ್ನು ಏನು ಕೇಳುವುದಕ್ಕೂ ಮುಂಚೆ ಬೊಂಜೂರ್ ಅನ್ನಬೇಕು. ಅನ್ನದೆ ನೇರ ಪ್ರಶ್ನೆಗೆ ಹೋದರೆ ಒರಟ ಅಂದುಕೊಳ್ಳುತ್ತಾರೆ.

ತರಗತಿ, ಡೆಲ್ಫ್ ಪರೀಕ್ಷೆ ಎರಡಕ್ಕೂ ನಮಗೆ ಬೆಂಗಳೂರಿನ ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಅನ್ನುವ ಫ್ರೆಂಚ್ ಕಲಿಸುವ ಸಂಸ್ಥೆ ಇದೆ. ರಾಯಚೂರಿನವರಿಗೆ ಹೈದರಾಬಾದಿನದು ಹತ್ತಿರ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಪರೀಕ್ಷೆಗೆ ಹೋಗಿ ಬರಲು ಏನೂ ಕಷ್ಟವಿಲ್ಲ. ಪಾಠಕ್ಕೆ ಆನ್‌ಲೈನ್ ಇದೆ.

ನವೆಂಬರಿನಿಂದ ಫೆಬ್ರುವರಿ ತನಕ ನಮ್ಮಲ್ಲಿ ಪ್ರವಾಸಿಗಳು ಜಾಸ್ತಿ. ಆಗ ಬನ್ನಿ, ಮಾತಾಡಿ. ಆದರೆ ದಾರಿಗೆ ಅಡ್ಡ ನಿಂತು, ಕೇಳದೆ ಸೆಲ್ಫಿ ತೆಗೆದು, ಒಬ್ಬರ ಮೇಲೆ ಹತ್ತು ಜನ ಮುಗಿಬೀಳುವುದು ಬೇಡ, ಅದರಿಂದ ನಮ್ಮ ಹೊಟ್ಟೆಗೂ ಕಲ್ಲು. ಚಹಾ ಅಂಗಡಿಯಲ್ಲಿ ಬಿಡುವಾಗಿ ಕೂತವರಿಗೆ ಬೊಂಜೂರ್ ಹೇಳಿ, ಎರಡು ನಿಮಿಷ ಮಾತಾಡಬಹುದಾ ಅಂತ ಕೇಳಿ. ಬೇಡ ಅಂದರೆ ನಗುನಗುತ್ತಾ ಬಂದುಬಿಡಿ. ಅಕ್ಕನ ಮಗಳು ಬೇಸಿಗೆಯಲ್ಲಿ ನನ್ನೊಬ್ಬನ ಜೊತೆಗೇ ಮಾತಾಡಿ ಮಾತಾಡಿ ಬೇಸತ್ತಿದ್ದಳು. ಕ್ರಿಸ್‌ಮಸ್ ರಜೆಗೆ ಬಂದವಳು ಫ್ರಾನ್ಸ್‌ನ ಲಿಯೊಂ ಕಡೆಯ ಗಂಡ ಹೆಂಡತಿಗೆ ಆನೆಗೊಂದಿಯ ಗಗನ ಮಹಲಿನ ಹತ್ತಿರ ತಾನೇ ಎಲ್ಲ ವಿವರಿಸಿದಳು. ಲಿಂಗ ಅಲ್ಲಲ್ಲಿ ತಪ್ಪಿತು. 1565 ಮಾತ್ರ ಸರಿಯಾಗಿ ಬಂತು.

ಕೊನೆಗೆ ಪಿಯು ಇಲಾಖೆಗೂ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಆ 20 ಆಂತರಿಕ ಅಂಕಗಳಲ್ಲಿ ಅರ್ಧವನ್ನಾದರೂ ಮಾತಿಗೆ ಕಡ್ಡಾಯ ಮಾಡಿ. ಫ್ರೆಂಚ್‌ಗೆ ಮಾತ್ರ ಬೇಡ, ಎಲ್ಲ ಭಾಷೆಗೂ ಮಾಡಿ. ಉಪನ್ಯಾಸಕರು ಒಬ್ಬೊಬ್ಬ ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಐದು ನಿಮಿಷ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಲಿ, ಬೇಕಾದರೆ ಆಮೇಲೆ ಯಾರಾದರೂ ಪರಿಶೀಲಿಸಬಹುದು. ಇದಕ್ಕೆ ಲ್ಯಾಬ್ ಬೇಡ, ಹೊಸ ಪುಸ್ತಕ ಬೇಡ, ಖರ್ಚೂ ಇಲ್ಲ. ಅಂಕ ಇದೆ ಅಂದರೆ ಮಕ್ಕಳು ತಾವಾಗಿಯೇ ಬಾಯಿ ಬಿಡುತ್ತಾರೆ, ಅವರನ್ನು ನಾವು ಹಾಗೆಯೇ ಬೆಳೆಸಿದ್ದೇವಲ್ಲ.

ಇಂತಿ,
ಒಬ್ಬ ಪ್ರವಾಸಿ ಗೈಡ್
ಗಂಗಾವತಿ, ಕೊಪ್ಪಳ ಜಿಲ್ಲೆ